ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ಹೊತ್ತಿನ ದಾರಿ?

ದಾರಿಹೋಕನೊಬ್ಬ ಮುಂದಿನ ಊರಿನ ದೂರವನ್ನು ವಿಚಾರಿಸಿದರೆ ನಮ್ಮ ಹಳ್ಳಿಗಳ ಹಿರಿಯರು ಕೊಡುತ್ತಿದ್ದ ಉತ್ತರ ಎರಡು ಬಗೆಯದು. 'ಇಲ್ಲಿಂದ ಎರಡು ಹರದಾರಿ' ಎನ್ನುವುದು ಒಂದು. 'ಈಗ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಸೇರುತ್ತೀರಿ' ಎನ್ನುವುದು ಇನ್ನೊಂದು. ಮೊದಲನೆಯದು ನೆಲದ ಲೆಕ್ಕ, ಎರಡನೆಯದು ಹೊತ್ತಿನ ಲೆಕ್ಕ. ಹರದಾರಿ, ಗಾವುದಗಳು ಮಳೆಗಾಲಕ್ಕೂ ಬೇಸಗೆಗೂ ಒಂದೇ. ಆದರೆ ಹೊಳೆ ತುಂಬಿ ಹರಿಯುತ್ತಿದ್ದರೆ, ಅಂಬಿಗನು ಆಚೆಯ ದಡದಲ್ಲಿದ್ದರೆ, ಹಾದುಹೋಗಬೇಕಾದ ಹೊಲದ ಒಡೆಯ ಬೇಲಿ ಹಾಕಿಬಿಟ್ಟಿದ್ದರೆ, ದೀಪ ಹಚ್ಚುವ ಹೊತ್ತಿಗೆ ಸೇರಬೇಕಾದವನು ನಡುರಾತ್ರಿಯಲ್ಲಿ ಸೇರುತ್ತಾನೆ.

ವಿಮಾನಗಳು ಬಂದ ಮೇಲೆ ಈ ಎರಡು ಲೆಕ್ಕಗಳೂ ಒಂದಾದವೆಂದು ನಾವು ಭಾವಿಸುತ್ತೇವೆ. ಆಕಾಶದಲ್ಲಿ ಹೊಳೆಯಿಲ್ಲ, ಬೇಲಿಯಿಲ್ಲ. ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ತಾನಾಗಿ ದೊರಕಬೇಕು. ವೇಗ ಹೆಚ್ಚಿದಂತೆಲ್ಲ ಹೊತ್ತು ಕಡಮೆಯಾಗುತ್ತಲೇ ಹೋಗಬೇಕು. ಶಾಲೆಯ ಗಣಿತವೂ ಇದನ್ನೇ ಹೇಳುತ್ತದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ದೂರದ ಎರಡು ಊರುಗಳನ್ನು ಎದುರಿಗಿಟ್ಟುಕೊಂಡು ನೋಡೋಣ. ಒಂದು, ಯೂರೋಪಿನ ಈಶಾನ್ಯದ ಅಂಚಿನಲ್ಲಿರುವ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ. ಇನ್ನೊಂದು, ಏಷ್ಯದ ಪೂರ್ವದ ಅಂಚಿಗೆ ಕಡಲಿನಲ್ಲಿರುವ ಜಪಾನಿನ ರಾಜಧಾನಿ ಟೋಕಿಯೋ.

ಈ ಎರಡು ದೇಶಗಳನ್ನು ಕುರಿತು ಒಂದು ಮಾತುಂಟು. ಫಿನ್ಲೆಂಡಿಗೂ ಜಪಾನಿಗೂ ನಡುವೆ ಇರುವುದು ಒಂದೇ ಒಂದು ದೇಶ. ಕೇಳಿದೊಡನೆ ಇವು ತೀರ ಹತ್ತಿರದ ನೆರೆಯವೆಂಬ ಭಾವನೆ ಬರುತ್ತದೆ. ಆ ನಡುವಣ ಒಂದು ದೇಶ ರಷ್ಯಾ ಎಂದು ತಿಳಿದಾಗ ಮಾತಿನ ಇನ್ನೊಂದು ಮುಖ ಕಾಣುತ್ತದೆ. ನಾನು ಹೇಳಬೇಕೆಂದಿರುವ ಕಥೆಯೆಲ್ಲ ಈ ಒಂದು ವಾಕ್ಯದೊಳಗೆ ಅಡಗಿದೆ.

ಮೊದಲು ನೆಲದ ಲೆಕ್ಕವನ್ನು ಮುಗಿಸಿಕೊಳ್ಳೋಣ. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂದು ಗೆರೆ ಎಳೆದರೆ ಅದು ಆಗ್ನೇಯಕ್ಕೆ ಇಳಿಯುತ್ತ ಕಜಾಕಸ್ತಾನ, ಮಂಗೋಲಿಯ, ಚೀನಗಳ ಕಡೆಗೆ ಸಾಗುತ್ತದೆ. ಇದು ಹತ್ತಿರದ ದಾರಿಯಲ್ಲ. ಕಾಗದವು ಚಪ್ಪಟೆ, ಭೂಮಿಯು ಗೋಲ. ಮಕ್ಕಳು ಓದುವ ಭೂಗೋಲವೊಂದನ್ನು ತೆಗೆದುಕೊಂಡು, ಎರಡು ಊರುಗಳ ಮೇಲೂ ಬೆರಳಿಟ್ಟು ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರವು ಹೆಲ್ಸಿಂಕಿಯಿಂದ ಈಶಾನ್ಯಕ್ಕೆ ಏರಿ, 67 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಂದರೆ ಉತ್ತರ ಧ್ರುವವೃತ್ತವನ್ನು ತುಸು ದಾಟಿ, ಸೈಬೀರಿಯದ ಮೇಲೆ ಬಾಗಿ ಜಪಾನಿಗೆ ಇಳಿಯುವುದು ಕಾಣುತ್ತದೆ. ಗಣಿತಜ್ಞರು ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಇದರ ಉದ್ದ ಸುಮಾರು 7,800 ಕಿಲೋಮೀಟರು. ನೂರು ವರ್ಷದ ಹಿಂದೆ ಇದು ಇಷ್ಟೇ ಇತ್ತು. ನೂರು ವರ್ಷದ ಮೇಲೂ ಇಷ್ಟೇ ಇರುತ್ತದೆ. ಇಲ್ಲಿಂದ ಮುಂದಿನದೆಲ್ಲ ಹೊತ್ತಿನ ಲೆಕ್ಕ.

ಈ ಉತ್ತರದ ದಾರಿಯನ್ನು ಮೊದಲು ಹಿಡಿದವರಲ್ಲಿ ಹೆಲ್ಸಿಂಕಿಯಲ್ಲೇ ಹುಟ್ಟಿದವನೊಬ್ಬನಿದ್ದಾನೆ. ಆತನ ಹೆಸರು ಅಡಾಲ್ಫ್ ಎರಿಕ್ ನೂರ್ಡೆನ್‌ಶೆಲ್ಡ್, ಹುಟ್ಟಿದ್ದು 1832ರಲ್ಲಿ. ಆಗ ಫಿನ್ಲೆಂಡ್ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಆಳುವವರಿಗೆ ಹಿಡಿಸದ ಮಾತುಗಳನ್ನಾಡಿ, 1857ರಲ್ಲಿ ದೇಶವನ್ನು ಬಿಟ್ಟು ಆತ ಸ್ವೀಡನ್ನಿನಲ್ಲಿ ನೆಲೆಸಬೇಕಾಯಿತು. ಯೂರೋಪಿನಿಂದ ಸೈಬೀರಿಯದ ಉತ್ತರದ ಕಡಲಿನ ಮೂಲಕ ಪೆಸಿಫಿಕ್ ಸಾಗರವನ್ನು ಸೇರಲು ಮುನ್ನೂರು ವರ್ಷಗಳಿಂದ ನಾವಿಕರು ಹೆಣಗುತ್ತಿದ್ದರು. 1878ರ ಜೂನ್ 22ರಂದು ನೂರ್ಡೆನ್‌ಶೆಲ್ಡನ ಹಡಗು ಸ್ವೀಡನ್ನಿನಿಂದ ಹೊರಟಿತು. ಹಡಗಿನ ಹೆಸರು 'ವೇಗಾ'. ನಾವು ಅಭಿಜಿತ್ ಎಂದು ಕರೆಯುವ ನಕ್ಷತ್ರದ ಹೆಸರೂ ಅದೇ. ಕನ್ನಡದ ಕಿವಿಗೆ ಆ ಹೆಸರು ಬೇರೊಂದು ಆಸೆಯನ್ನು ಹುಟ್ಟಿಸುವುದಾದರೂ ಹಡಗಿಗೆ ಆ ಭಾಗ್ಯವಿರಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಬೇರಿಂಗ್ ಜಲಸಂಧಿಗೆ ಇನ್ನೆರಡು ದಿನಗಳ ದಾರಿ ಉಳಿದಿರುವಾಗ, ಕಡಲು ಹೆಪ್ಪುಗಟ್ಟಿತು. ಎರಡು ದಿನಗಳ ದಾರಿಗಾಗಿ ಹಡಗು ಹತ್ತು ತಿಂಗಳು ಕಾದು ನಿಂತಿತು. 1879ರ ಜುಲೈ 18ರಂದು ಮಂಜು ಬಿರಿದು ಹಡಗು ಬಿಡುಗಡೆ ಹೊಂದಿತು. ಸೆಪ್ಟೆಂಬರ್ 2ರಂದು ಟೋಕಿಯೋದ ನೆರೆಯ ಯೊಕೊಹಾಮ ಬಂದರನ್ನು ಮುಟ್ಟಿತು. ಒಬ್ಬ ಮನುಷ್ಯನನ್ನೂ ಕಳೆದುಕೊಳ್ಳದೆ ನಡೆದ ಆ ಯಾನಕ್ಕೆ ಹಿಡಿದದ್ದು ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ.

ಆಮೇಲೆ ರೈಲು ಬಂದಿತು. ಹೆಲ್ಸಿಂಕಿಯಿಂದ ಪೀಟರ್ಸ್‌ಬರ್ಗಿಗೆ 1870ರಲ್ಲಿಯೇ ಹಳಿಗಳು ಬಿದ್ದಿದ್ದವು. ಸೈಬೀರಿಯವನ್ನು ಅಡ್ಡಹಾಯುವ ಮಹಾಮಾರ್ಗವು ಪೂರ್ತಿಯಾಗಿ ರಷ್ಯದ ನೆಲದ ಮೇಲೆಯೇ ಸಾಗುವಂತಾದದ್ದು 1916ರಲ್ಲಿ. ಮಾಸ್ಕೋದಿಂದ ವ್ಲಾಡಿವೊಸ್ಟೋಕಿಗೆ ಒಂಬತ್ತು ಸಾವಿರದ ಮುನ್ನೂರು ಕಿಲೋಮೀಟರುಗಳಷ್ಟು ಹಳಿ. ಅಲ್ಲಿಂದ ಜಪಾನಿಗೆ ಹಡಗು. ತಿಂಗಳುಗಳ ದಾರಿ ವಾರಗಳಿಗೆ ಇಳಿಯಿತು. ಇಳಿದ ಮರುವರ್ಷವೇ, 1917ರಲ್ಲಿ, ರಷ್ಯದಲ್ಲಿ ಕ್ರಾಂತಿಯಾಯಿತು, ಫಿನ್ಲೆಂಡ್ ಸ್ವತಂತ್ರವಾಯಿತು, ಸೈಬೀರಿಯದ ಹಳಿಗಳ ಮೇಲೆ ಅಂತರ್ಯುದ್ಧದ ಸೇನೆಗಳು ಓಡಾಡತೊಡಗಿದವು. ಯಂತ್ರವು ಕೊಟ್ಟ ಹೊತ್ತನ್ನು ಮನುಷ್ಯರ ಜಗಳವು ಕಿತ್ತುಕೊಳ್ಳುವ ವಿದ್ಯಮಾನವನ್ನು ಈ ದಾರಿ ಮುಂದೆ ಮತ್ತೆ ಮತ್ತೆ ಕಂಡಿತು.

ಎರಡನೆಯ ಮಹಾಯುದ್ಧದ ತರುವಾಯ ಪ್ರಯಾಣಿಕರ ವಿಮಾನಗಳು ಖಂಡಾಂತರ ಯಾತ್ರೆಗೆ ತೊಡಗಿದವು. ಆ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರಲ್ಲಿ, ಅಮೆರಿಕದ ಷಿಕಾಗೊ ನಗರದಲ್ಲಿ ಹಲವು ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ನಾಗರಿಕ ವಿಮಾನಯಾನಕ್ಕೆ ಒಂದು ಒಪ್ಪಂದವನ್ನು ರೂಪಿಸಿದ್ದರು. ಅದರ ಮೊದಲನೆಯ ವಿಧಿಯೇ ಇದು: ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣವಾದ, ಅನನ್ಯವಾದ ಒಡೆತನವುಂಟು. ಆಕಾಶಕ್ಕೆ ಬೇಲಿ ಬಿದ್ದದ್ದು ಹೀಗೆ. ಒಬ್ಬರ ಆಕಾಶವನ್ನು ಇನ್ನೊಬ್ಬರು ಇಳಿಯದೆ ಹಾದುಹೋಗಲು ಅವಕಾಶ ಕೊಡುವ ಬೇರೊಂದು ಒಪ್ಪಂದವನ್ನೂ ಅಲ್ಲಿಯೇ ಮಾಡಿಕೊಂಡರು. ಸೋವಿಯತ್ ಒಕ್ಕೂಟವು ಅದರಲ್ಲಿ ಸೇರಲಿಲ್ಲ. ಶೀತಲ ಸಮರದ ಆ ದಿನಗಳಲ್ಲಿ ಸೈಬೀರಿಯದ ಆಕಾಶ ಪಶ್ಚಿಮದ ವಿಮಾನಗಳಿಗೆ ಮುಚ್ಚಿದ ಬಾಗಿಲಾಯಿತು.

ಆದ್ದರಿಂದ ಉತ್ತರ ಯೂರೋಪಿನಿಂದ ಟೋಕಿಯೋಗೆ ಹೋಗುವವರು ದಕ್ಷಿಣಕ್ಕೆ ಇಳಿದು, ಮಧ್ಯಪ್ರಾಚ್ಯ, ಭಾರತ ಉಪಖಂಡ, ಆಗ್ನೇಯ ಏಷ್ಯಗಳನ್ನು ಹಾದು, ಊರಿಂದೂರಿಗೆ ಇಳಿದು ಹತ್ತುತ್ತ ಹೋಗಬೇಕಾಗಿತ್ತು. ಐವತ್ತು ಗಂಟೆಗಳ ಯಾತ್ರೆ ಅದು. ಅಷ್ಟು ಸುತ್ತುವುದಕ್ಕಿಂತ ಭೂಮಿಯ ನೆತ್ತಿಯ ಮೇಲೆಯೇ ಹಾರಿಬಿಟ್ಟರೆ ಹೇಗೆ ಎಂದು ಸ್ಕ್ಯಾಂಡಿನೇವಿಯದ ವಿಮಾನ ಸಂಸ್ಥೆಯವರು ಯೋಚಿಸಿದರು. 1957ರ ಫೆಬ್ರವರಿ 24ರಂದು ಕೋಪನ್‌ಹೇಗನ್ನಿನಿಂದ ಒಂದು ವಿಮಾನ, ಟೋಕಿಯೋದಿಂದ ಒಂದು ವಿಮಾನ ಹೊರಟು ಉತ್ತರ ಧ್ರುವದ ಮೇಲೆ ಸಂಧಿಸಿದವು. ಅಲಾಸ್ಕದ ಆಂಕರೇಜಿನಲ್ಲಿ ಇಳಿದು ಇಂಧನ ತುಂಬಿಕೊಂಡು ಸಾಗುವ ಈ ದಾರಿಯಿಂದ ಐವತ್ತು ಗಂಟೆ ಮೂವತ್ತೆರಡಕ್ಕೆ ಇಳಿಯಿತು. ಧ್ರುವದ ಬಳಿ ದಿಕ್ಸೂಚಿ ನಂಬಿಕೆಗೆ ಯೋಗ್ಯವಲ್ಲ. ಅಲ್ಲಿಂದ ಎತ್ತ ಹೊರಟರೂ ಅದು ದಕ್ಷಿಣವೇ. ಹೊಸ ಉಪಕರಣಗಳನ್ನೂ ಲೆಕ್ಕದ ಹೊಸ ವಿಧಾನವನ್ನೂ ಕಂಡುಕೊಂಡು ಇದನ್ನು ಸಾಧಿಸಬೇಕಾಯಿತು.

ಆ ಸಾಹಸವನ್ನು ಮೆಚ್ಚಿಕೊಳ್ಳುವಾಗಲೂ ಒಂದು ಮಾತನ್ನು ಮರೆಯುವಂತಿಲ್ಲ. ಅಲಾಸ್ಕ ಅಮೆರಿಕ ಖಂಡದ ತುದಿ. ಯೂರೋಪಿನಿಂದ ಏಷ್ಯಕ್ಕೆ ಹೋಗಲು ಅಮೆರಿಕದಲ್ಲಿ ಇಳಿಯಬೇಕಾಗಿತ್ತು! ಮೂವತ್ತು ವರ್ಷಗಳಷ್ಟು ಕಾಲ ಆಂಕರೇಜ್ ಎಂಬ ಆ ಚಿಕ್ಕ ಊರು ಜಗತ್ತಿನ ವಿಮಾನಗಳ ತಂಗುದಾಣವಾಗಿ ಮೆರೆಯಿತು. ನಡುದಾರಿಯಲ್ಲಿ ಇಳಿದ ಜಪಾನೀಯರಿಗಾಗಿ ಅಲ್ಲಿನ ನಿಲ್ದಾಣದಲ್ಲಿ ಅವರ ನಾಡಿನ ಬಿಸಿ ಶ್ಯಾವಿಗೆಯ ಅಂಗಡಿಯೂ ಇತ್ತು. ಮುಚ್ಚಿದ ಒಂದು ಬಾಗಿಲು ಬೇರೆಲ್ಲೋ ಒಂದು ಊರಿಗೆ ಅನ್ನವಿಟ್ಟಿತು.

ಸೋವಿಯತ್ ಆಕಾಶ ತೀರ ಮುಚ್ಚಿಯೇ ಇತ್ತೆಂದರೆ ತಪ್ಪಾದೀತು. 1967ರಲ್ಲಿ ಸೋವಿಯತ್ ಒಕ್ಕೂಟವೂ ಜಪಾನೂ ಕೂಡಿ ಮಾಸ್ಕೋ–ಟೋಕಿಯೋ ವಿಮಾನಸೇವೆಯನ್ನು ಆರಂಭಿಸಿದವು. ಬಾಗಿಲು ಒಂದು ಗೇಣಿನಷ್ಟು ತೆರೆಯಿತು. ಅದೂ ಮಾಸ್ಕೋದಲ್ಲಿ ಇಳಿದು ಹೋಗುವವರಿಗೆ, ಕೇಳಿದ ಸುಂಕವನ್ನು ತೆರುವವರಿಗೆ.

ಈಗ 1983ಕ್ಕೆ ಬರೋಣ. ಈ ಕಥೆಯ ಎರಡು ಮುಖ್ಯ ಘಟನೆಗಳು ಅದೇ ವರ್ಷ ನಡೆದವು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಫಿನ್ಲೆಂಡಿನ ವಿಮಾನ ಸಂಸ್ಥೆಯಾದ ಫಿನ್‌ಏರ್ ಹೆಲ್ಸಿಂಕಿಯಿಂದ ಟೋಕಿಯೋಗೆ ಎಲ್ಲಿಯೂ ಇಳಿಯದ ವಿಮಾನವನ್ನು ಹೊರಡಿಸಿತು. ಪಶ್ಚಿಮ ಯೂರೋಪಿನಿಂದ ಜಪಾನಿಗೆ ಹೀಗೆ ತಡೆಯಿಲ್ಲದೆ ಹಾರಿದ ಸಂಸ್ಥೆಗಳಲ್ಲಿ ಅದೇ ಮೊದಲನೆಯದು. ಮೂರು ಎಂಜಿನ್ನುಗಳ ಆ ಡಿಸಿ–10 ವಿಮಾನ ಸೋವಿಯತ್ ನೆಲವನ್ನು ಮುಟ್ಟದೆ ಧ್ರುವದ ಮೇಲೆ ಹಾದು, ಬೇರಿಂಗ್ ಜಲಸಂಧಿಯಲ್ಲಿ ಇಳಿದು, ಪೆಸಿಫಿಕ್ಕಿನ ಮೇಲೆ ಸಾಗಿ ಟೋಕಿಯೋ ಮುಟ್ಟುತ್ತಿತ್ತು. ಹಿಡಿಯುತ್ತಿದ್ದ ಹೊತ್ತು ಸುಮಾರು ಹದಿಮೂರು ಗಂಟೆ. ಈ ಹದಿಮೂರು ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಅದಾದ ಕೆಲವೇ ತಿಂಗಳಿಗೆ, ಸೆಪ್ಟೆಂಬರ್ 1ರಂದು, ಆಂಕರೇಜಿನಿಂದ ಸೋಲ್ ನಗರಕ್ಕೆ ಹೊರಟಿದ್ದ ಕೊರಿಯದ ವಿಮಾನವೊಂದು ದಾರಿ ತಪ್ಪಿತು. ಸ್ವಯಂಚಾಲಕ ಯಂತ್ರ ಹಿಡಿಯಬೇಕಾದ ದಾರಿಯನ್ನು ಹಿಡಿಯದೆ ಒಂದೇ ದಿಕ್ಕಿಗೆ ಸಾಗಿತು. ಗಂಟೆಗಳು ಕಳೆಯುವಷ್ಟರಲ್ಲಿ ವಿಮಾನ ತನ್ನ ದಾರಿಯಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರು ಸರಿದು ಸೋವಿಯತ್ ಆಕಾಶವನ್ನು ಹೊಕ್ಕಿತ್ತು. ಸಖಾಲಿನ್ ದ್ವೀಪದ ಬಳಿ ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. ವಿಮಾನದಲ್ಲಿದ್ದ 269 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದ ಬೇಲಿ ಕಣ್ಣಿಗೆ ಕಾಣದು. ದಾಟಿದವರಿಗೆ ದಾಟಿದ್ದೇ ತಿಳಿಯದು. ಆ ರಾತ್ರಿ ವಿಮಾನದೊಳಗೆ ನಿದ್ದೆಹೋಗಿದ್ದವರಿಗೆ ತಾವು ಅಪರಾಧಿಗಳೆಂಬ ಸುಳಿವೂ ಇರಲಿಲ್ಲ.

ಆ ಸಾವುಗಳಿಂದ ಜಗತ್ತು ಪಾಠ ಕಲಿಯದೆ ಇರಲಿಲ್ಲ. ಅಮೆರಿಕದ ಸೇನೆ ಸಿದ್ಧಪಡಿಸುತ್ತಿದ್ದ, ಉಪಗ್ರಹಗಳ ನೆರವಿನಿಂದ ನೆಲೆ ತಿಳಿಸುವ ವ್ಯವಸ್ಥೆಯನ್ನು ನಾಗರಿಕರ ಬಳಕೆಗೂ ಬಿಟ್ಟುಕೊಡುವುದಾಗಿ ಆ ತಿಂಗಳಲ್ಲೇ ಅಧ್ಯಕ್ಷ ರೇಗನ್ ಅವರ ಸರ್ಕಾರ ಸಾರಿತು. ಇಂದು ನಾವು ಕೈಯಲ್ಲಿ ಹಿಡಿದು ದಾರಿ ಕೇಳುವ ಜಿಪಿಎಸ್ ಅದೇ. 1985ರಲ್ಲಿ ಅಮೆರಿಕ, ಜಪಾನ್, ಸೋವಿಯತ್ ಒಕ್ಕೂಟಗಳು ಉತ್ತರ ಪೆಸಿಫಿಕ್ಕಿನ ವಿಮಾನಗಳ ಬಗ್ಗೆ ಪರಸ್ಪರ ಸುದ್ದಿ ತಿಳಿಸಿಕೊಳ್ಳಲು ಒಪ್ಪಿದವು. ಆ ದಶಕದ ಕೊನೆಯ ಹೊತ್ತಿಗೆ ಶೀತಲ ಸಮರ ಕರಗತೊಡಗಿ, ಸೈಬೀರಿಯದ ಬಾಗಿಲು ಪಶ್ಚಿಮದ ವಿಮಾನಗಳಿಗೆ ತೆರೆಯತೊಡಗಿತು. ಆಂಕರೇಜಿನ ನಿಲ್ದಾಣದಲ್ಲಿ ದಾರಿನಡುವಿನ ಪ್ರಯಾಣಿಕರ ಸಂದಣಿ ಇಳಿಯಿತು. ಹೆಲ್ಸಿಂಕಿಗೆ ಶುಕ್ರದೆಸೆ ಬಂದಿತು. ದಾರವನ್ನು ಬಿಗಿಹಿಡಿದಾಗ ಕಂಡ ಆ 7,800 ಕಿಲೋಮೀಟರಿನ ದಾರಿ ಕೊನೆಗೂ ಮನುಷ್ಯರಿಗೆ ದಕ್ಕಿತು. ಟೋಕಿಯೋ ಒಂಬತ್ತೂವರೆ ಗಂಟೆಗೆ ಬಂದು ನಿಂತಿತು.

ಒಂಬತ್ತೂವರೆ ಎಂಬುದು ಹೋಗುವಾಗಿನ ಲೆಕ್ಕ. ಬರುವಾಗ ತುಸು ಹೆಚ್ಚು. ಇದಕ್ಕೆ ಕಾರಣ ಗಾಳಿ. ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಬಿರುಗಾಳಿಯುಂಟು. ಜೆಟ್ ಪ್ರವಾಹವೆಂದು ಅದರ ಹೆಸರು. ಅದನ್ನು ಮೊದಲು ಅಳೆದು ದಾಖಲಿಸಿದವನು ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಇಶಿ. 1920ರ ದಶಕದಲ್ಲಿ ಟೋಕಿಯೋಗೆ ಸಮೀಪದ ತತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ಅವನು ಇದನ್ನು ಕಂಡುಕೊಂಡ. ಜಗತ್ತಿನವರೆಲ್ಲ ಓದಲೆಂದು ತನ್ನ ವರದಿಯನ್ನು 1926ರಲ್ಲಿ ಎಸ್ಪರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದ. ಎಲ್ಲರಿಗಾಗಿ ಬರೆದದ್ದನ್ನು ಹೆಚ್ಚು ಜನ ಓದಲಿಲ್ಲ. 1944ರಲ್ಲಿ ಟೋಕಿಯೋ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ವಿಮಾನಗಳು ಗುರಿ ತಪ್ಪಿ ತಡವರಿಸಿದಾಗ ಅವರಿಗೆ ಆ ಗಾಳಿಯ ಪರಿಚಯವಾಯಿತು. ಗಾಳಿ ಹೋಗುವಾಗ ಕೊಟ್ಟದ್ದನ್ನು ಬರುವಾಗ ಕಿತ್ತುಕೊಳ್ಳುತ್ತದೆ. ಅದಕ್ಕೆ ಪಕ್ಷಪಾತವಿಲ್ಲ, ಯಾವ ದೇಶದ ಮೇಲೆಯೂ ಮುನಿಸಿಲ್ಲ. ಪ್ರಕೃತಿಯ ತಡೆಗೂ ಮನುಷ್ಯನ ತಡೆಗೂ ಇರುವ ಅಂತರ ಇದು.

ಸೈಬೀರಿಯದ ನೇರದಾರಿಯನ್ನು ನಂಬಿ ಫಿನ್ಲೆಂಡ್ ತನ್ನ ಬದುಕಿನ ಒಂದು ಭಾಗವನ್ನೇ ಕಟ್ಟಿಕೊಂಡಿತು. ಏಷ್ಯಕ್ಕೆ ಹೋಗುವ ಯೂರೋಪಿನ ಪ್ರಯಾಣಿಕರೆಲ್ಲ ಹೆಲ್ಸಿಂಕಿಯಲ್ಲಿ ವಿಮಾನ ಬದಲಿಸಿದರೆ ಎಲ್ಲರಿಗಿಂತ ಬೇಗ ಮುಟ್ಟಬಹುದು ಎಂಬುದೇ ಆ ಊರಿನ ವಿಮಾನ ನಿಲ್ದಾಣದ ಬಂಡವಾಳವಾಯಿತು. ಮೂವತ್ತು ವರ್ಷಗಳ ಕಾಲ ಈ ಲೆಕ್ಕ ಸರಿಯಾಗಿಯೇ ನಡೆಯಿತು.

2022ರ ಫೆಬ್ರವರಿ 24ರಂದು ರಷ್ಯದ ಸೇನೆ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ನಡೆಸಿತು. ಧ್ರುವದ ಮೇಲೆ ಎರಡು ವಿಮಾನಗಳು ಸಂಧಿಸಿದ್ದೂ ಒಂದು ಫೆಬ್ರವರಿ 24ರಂದೇ. ನಡುವೆ ಕಳೆದದ್ದು ಅರವತ್ತೈದು ವರ್ಷ. ಕೆಲವೇ ದಿನಗಳಲ್ಲಿ ಯೂರೋಪಿನ ರಾಷ್ಟ್ರಗಳು ರಷ್ಯದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು; ರಷ್ಯಾ ಅವರಿಗೆ ತನ್ನದನ್ನು ಮುಚ್ಚಿತು. ಹೆಲ್ಸಿಂಕಿಯ ಯೋಜಕರು ಹಳೆಯ ನಕ್ಷೆಗಳನ್ನು ಬಿಚ್ಚಬೇಕಾಯಿತು. ಮಾರ್ಚ್ 9ರಂದು ಟೋಕಿಯೋಗೆ ಹೊರಟ ವಿಮಾನ ಮತ್ತೆ ಧ್ರುವದ ಮೇಲೆ ಹಾದು, ಬೇರಿಂಗ್ ಜಲಸಂಧಿಯ ಬಳಿ ಇಳಿದು, ಪೆಸಿಫಿಕ್ಕಿನ ಮೇಲೆ ಸಾಗಿತು. ಆ ಬಿಂದುಗಳನ್ನು ಜೋಡಿಸಿ ಅಳೆದರೆ ದಾರಿ ಎಷ್ಟು ಬಿಗಿಹಿಡಿದರೂ 10,600 ಕಿಲೋಮೀಟರಿಗೆ ಕಡಮೆಯಾಗದು. ರಷ್ಯದ ತೀರವನ್ನು ಬಳಸಿ ಹೋಗುವಾಗ ಇನ್ನೂ ಬೆಳೆಯುತ್ತದೆ. ಈ ದಾರಿಗೆ ಹಿಡಿದ ಹೊತ್ತು ಸುಮಾರು ಹದಿಮೂರು ಗಂಟೆ.

ನೆನಪಿನಲ್ಲಿಡಲು ಕೋರಿದ ಸಂಖ್ಯೆ ಇದೇ. 1983ರಲ್ಲಿ ಹದಿಮೂರು, 2022ರಲ್ಲಿಯೂ ಹದಿಮೂರು. ಈ ಮೂವತ್ತೊಂಬತ್ತು ವರ್ಷಗಳಲ್ಲಿ ವಿಮಾನದ ಒಡಲನ್ನು ಇಂಗಾಲದ ಎಳೆಗಳಿಂದ ನೇಯುವುದನ್ನು ಕಲಿತೆವು. ಮೂರು ಎಂಜಿನ್ನುಗಳ ಕೆಲಸವನ್ನು ಎರಡರಿಂದ ಮಾಡಿಸುವುದನ್ನು ಕಲಿತೆವು. ಉಪಗ್ರಹಗಳಿಂದ ದಾರಿ ಕೇಳುವುದನ್ನು ಕಲಿತೆವು. ಆ ಕಲಿಕೆಯನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟು, ನೆರೆಯವರ ವೈರವೊಂದನ್ನು ಇನ್ನೊಂದು ತಕ್ಕಡಿಯಲ್ಲಿಟ್ಟರೆ ಮುಳ್ಳು ಮೊದಲಿದ್ದಲ್ಲಿಗೇ ಬಂದು ನಿಂತಿತು. ಧ್ರುವದ ಮೇಲೆ ಹಾರಿದ ಪ್ರಯಾಣಿಕರಿಗೆ ಅದನ್ನು ಸೂಚಿಸುವ ಒಂದು ಪ್ರಮಾಣಪತ್ರವನ್ನು ಕೊಟ್ಟರಂತೆ. ಸುತ್ತುದಾರಿಯ ಬೇಸರವನ್ನು ಮರೆಸಲು ಅದೊಂದು ಸೊಗಸಾದ ಉಪಾಯ. ನಿಜವಾಗಿ ನೋಡಿದರೆ ಆ ಕಾಗದ ಸಾರುತ್ತಿದ್ದುದು ನಮ್ಮ ಕಾಲದ ಸೋಲನ್ನು.

ಇದು ಎಲ್ಲೋ ದೂರದ ಹಿಮದ ನಾಡಿನ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ವಿಮಾನವೊಂದು ಧ್ರುವಪ್ರದೇಶವನ್ನು ಹಾದು ಎಲ್ಲಿಯೂ ಇಳಿಯದೆ ನಮ್ಮ ಬೆಂಗಳೂರಿಗೆ ಬಂದಿಳಿಯಿತು. ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರು, ಹದಿನೇಳು ಗಂಟೆಗಳ ಹಾರಾಟ, ನಡೆಸಿದವರೆಲ್ಲ ಮಹಿಳೆಯರು. ಕನ್ನಡಿಗರು ಹೆಮ್ಮೆಪಟ್ಟ ದಿನ ಅದು. ನಾಲ್ಕು ವರ್ಷಗಳ ತರುವಾಯ, 2025ರ ಏಪ್ರಿಲ್ ತಿಂಗಳಲ್ಲಿ, ಪಹಲ್ಗಾಮಿನ ಹತ್ಯಾಕಾಂಡದ ಬಳಿಕ ಭಾರತ ಪಾಕಿಸ್ತಾನಗಳು ಒಂದರ ವಿಮಾನಗಳಿಗೆ ಇನ್ನೊಂದು ಆಕಾಶವನ್ನು ಮುಚ್ಚಿದವು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಕಡೆಗೆ ಇಳಿದು ಸುತ್ತಿಹೋಗಬೇಕಾಯಿತು. ಸಾಹಸದ ದಾರಿಯೂ ನಮ್ಮದೇ, ಸುತ್ತುದಾರಿಯೂ ನಮ್ಮದೇ.

ಬಾಗಿಲು ಮುಚ್ಚುವುದು ಯಾವಾಗಲೂ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಮನೆಗೆ ನುಗ್ಗುವವನೆದುರು ಬಾಗಿಲು ಹಾಕಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಹೆಲ್ಸಿಂಕಿಯ ಜನ ತಮ್ಮ ಮೂರೂವರೆ ಗಂಟೆಗಳ ನಷ್ಟವನ್ನು ಅರಿತೇ ಒಪ್ಪಿಕೊಂಡರು. ಆದರೆ ಆ ಮೂರೂವರೆ ಗಂಟೆ ಏತರದ್ದು ಎಂಬುದನ್ನು ಮರೆಯಬಾರದು. ಭೂಮಿ ಉಬ್ಬಲಿಲ್ಲ, ಕಡಲು ಹೆಪ್ಪುಗಟ್ಟಲಿಲ್ಲ, ಯಂತ್ರ ಸೋಲಲಿಲ್ಲ. ನೂರ್ಡೆನ್‌ಶೆಲ್ಡನ ಹಡಗನ್ನು ಹತ್ತು ತಿಂಗಳು ಹಿಡಿದಿಟ್ಟ ಮಂಜು ಜುಲೈ ತಿಂಗಳ ಬಿಸಿಲಿಗೆ ಕರಗಿತು. ಮನುಷ್ಯರ ನಡುವಿನ ಮಂಜಿಗೆ ಅಂಥದೊಂದು ನಿಶ್ಚಿತವಾದ ಋತುವಿಲ್ಲ. ಅದನ್ನು ಕರಗಿಸುವ ಕೆಲಸ ನಮ್ಮ ಪಾಲಿಗೇ ಉಳಿದಿದೆ. ಅಲ್ಲಿಯತನಕ ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ದೂರವೆಂದು ಕೇಳಿದರೆ ಭೂಗೋಲದ ಪುಸ್ತಕ ಉತ್ತರ ಹೇಳುತ್ತದೆ; ಎಷ್ಟು ಹೊತ್ತೆಂದು ಕೇಳಿದರೆ ಅಂದಿನ ದಿನಪತ್ರಿಕೆಯನ್ನು ನೋಡಬೇಕಾಗುತ್ತದೆ.